ಗೇರ್‌ಬಾಕ್ಸಿಗೆ ಡ್ರೈವ್ ಶಾಫ್ಟ್ ಹೇಗೆ ಸೇರುತ್ತದೆ? ಬೋಲ್ಟ್ ಇಲ್ಲದ ತುದಿಯ ಬಗ್ಗೆ ಒಂದು ಉತ್ತರ

ಪ್ರಶ್ನೆ: ನನ್ನದು ಹಿಂದಿನ ಚಕ್ರಗಳಿಗೆ ಚಾಲನೆಯಿರುವ ಹಳೆಯ ಸರಕು ವಾಹನ. ರಿವರ್ಸ್ ಗೇರ್ ಹಾಕಿ ಕ್ಲಚ್ ಬಿಡುವಾಗ ಕೆಳಗಿನಿಂದ ‘ಟಕ್’ ಎಂಬ ಸದ್ದು ಬರುತ್ತದೆ. ಕೆಳಗೆ ಮಲಗಿ ನೋಡಿದರೆ ಡ್ರೈವ್ ಶಾಫ್ಟಿನ ಹಿಂದಿನ ತುದಿಯಲ್ಲಿ ನಾಲ್ಕು ಬೋಲ್ಟುಗಳಿವೆ, ಗೇರ್‌ಬಾಕ್ಸಿನ ಕಡೆಯ ತುದಿಯಲ್ಲಿ ಒಂದೂ ಇಲ್ಲ. ಬೋಲ್ಟ್ ಇಲ್ಲದೆ ಅದು ಅಲ್ಲಿ ಹೇಗೆ ನಿಂತಿದೆ? ಓಡುವಾಗ ಕಳಚಿ ಬೀಳುವ ಅಪಾಯವಿಲ್ಲವೇ? ನನ್ನ ತಮ್ಮನ ಕಾರಿನಡಿಯಲ್ಲಿ ಇಂಥ ಉದ್ದನೆಯ ಶಾಫ್ಟೇ ಕಾಣುವುದಿಲ್ಲ. ಅಲ್ಲಿ ಜೋಡಣೆ ಹೇಗಿರುತ್ತದೆ?

ಉತ್ತರ: ನಿಮ್ಮ ವಾಹನದಿಂದ ಯಾವ ಬೋಲ್ಟೂ ಕಳೆದುಹೋಗಿಲ್ಲ. ಗೇರ್‌ಬಾಕ್ಸಿನ ಕಡೆಯ ತುದಿಯನ್ನು ಬೋಲ್ಟ್ ಹಾಕಿ ಬಿಗಿಯದೆ, ಒಳಗೆ ತೂರಿಸಿ ಬಿಡುವಂತೆಯೇ ಅದನ್ನು ರೂಪಿಸಲಾಗಿದೆ. ಆ ತುದಿಯಲ್ಲಿರುವ ಭಾಗಕ್ಕೆ ಸ್ಲಿಪ್ ಯೋಕ್ ಎಂದು ಹೆಸರು. ಅದು ಗೇರ್‌ಬಾಕ್ಸಿನೊಂದಿಗೆ ತಿರುಗುತ್ತದೆ, ಜೊತೆಗೆ ಮುಂದಕ್ಕೂ ಹಿಂದಕ್ಕೂ ಸರಿಯುತ್ತದೆ. ಆ ಸರಿಯುವ ಸ್ವಾತಂತ್ರ್ಯ ಇಲ್ಲದಿದ್ದರೆ ವಾಹನ ಒಂದು ದೊಡ್ಡ ಗುಂಡಿಯನ್ನು ದಾಟುವಷ್ಟರಲ್ಲಿ ಗೇರ್‌ಬಾಕ್ಸಿನ ಬೇರಿಂಗೋ ಡಿಫರೆನ್ಷಿಯಲ್ಲಿನ (ಹಿಂದಿನ ಆಕ್ಸಲಿನ ನಡುವೆ ಇದ್ದು ಬಲವನ್ನು ಎರಡೂ ಚಕ್ರಗಳಿಗೆ ಹಂಚುವ ಗೇರುಗಳ ಜೋಡಣೆ) ಬೇರಿಂಗೋ ಪೆಟ್ಟು ತಿನ್ನುತ್ತಿತ್ತು.

ಕಾರಣ ಹೀಗಿದೆ. ಎಂಜಿನ್ ಮತ್ತು ಗೇರ್‌ಬಾಕ್ಸ್ ರಬ್ಬರ್ ಮೌಂಟುಗಳ ಮೇಲೆ ಕೂತು ಚಾಸಿಗೆ ಅಂಟಿಕೊಂಡಿರುತ್ತವೆ. ಅವು ಅಲ್ಪಸ್ವಲ್ಪ ಅಲುಗಬಹುದೇ ಹೊರತು ಜಾಗ ಬಿಟ್ಟು ಹೋಗುವುದಿಲ್ಲ. ಹಿಂದಿನ ಆಕ್ಸಲ್ ಹಾಗಲ್ಲ. ಅದು ಲೀಫ್ ಸ್ಪ್ರಿಂಗುಗಳಿಗೆ ಕಟ್ಟಿದ ಭಾಗವಾದ್ದರಿಂದ ಹೊರೆ ಏರಿದಾಗ, ಇಳಿದಾಗ, ರಸ್ತೆ ಹಳ್ಳ ಬಿದ್ದಲ್ಲೆಲ್ಲ ಮೇಲೆ ಕೆಳಗೆ ಚಲಿಸುತ್ತಲೇ ಇರುತ್ತದೆ. ಆ ಚಲನೆ ನೇರ ಗೆರೆಯಲ್ಲಿ ನಡೆಯುವುದಿಲ್ಲ, ಕಮಾನಿನಂತೆ ಬಾಗಿದ ಹಾದಿಯಲ್ಲಿ ನಡೆಯುತ್ತದೆ; ಹೀಗಾಗಿ ಗೇರ್‌ಬಾಕ್ಸಿಗೂ ಆಕ್ಸಲಿಗೂ ನಡುವಿನ ದೂರವೂ ಬದಲಾಗುತ್ತದೆ, ಅವೆರಡನ್ನು ಸೇರಿಸುವ ಶಾಫ್ಟಿನ ಓರೆಯೂ ಬದಲಾಗುತ್ತದೆ. ಆದ್ದರಿಂದ ಈ ಜೋಡಣೆ ಏಕಕಾಲಕ್ಕೆ ಮೂರು ಕೆಲಸ ಮಾಡಬೇಕು: ಎಂಜಿನ್ನಿನ ತಿರುಚುವ ಬಲವನ್ನು ಪೂರ್ತಿಯಾಗಿ ದಾಟಿಸಬೇಕು, ಉದ್ದ ಹೆಚ್ಚುಕಡಿಮೆಯಾಗಲು ಬಿಡಬೇಕು, ಓರೆ ಹೆಚ್ಚುಕಡಿಮೆಯಾಗಲೂ ಬಿಡಬೇಕು. ಯಾವ ಭಾಗ ಇವುಗಳಲ್ಲಿ ಯಾವ ಕೆಲಸವನ್ನು ಹೊತ್ತಿದೆ ಎಂದು ತಿಳಿದರೆ, ಸದ್ದು ಎಲ್ಲಿಂದ ಬರುತ್ತಿದೆ ಎಂದು ಹುಡುಕುವುದು ಊಹೆಯ ಕೆಲಸವಾಗಿ ಉಳಿಯುವುದಿಲ್ಲ.

ಮೊದಲು ಗೇರ್‌ಬಾಕ್ಸಿನ ತುದಿಯನ್ನೇ ಹತ್ತಿರದಿಂದ ನೋಡೋಣ. ಗೇರ್‌ಬಾಕ್ಸಿನ ಒಳಗಿನಿಂದ ಹಿಂದಕ್ಕೆ ಚಾಚಿಕೊಂಡಿರುವ ಔಟ್‌ಪುಟ್ ಶಾಫ್ಟಿನ ಮೈಮೇಲೆ, ಉದ್ದಕ್ಕೂ, ಒಂದೇ ಅಳತೆಯ ಸಣ್ಣ ಹಲ್ಲುಗಳನ್ನು ಕೊರೆದಿರುತ್ತಾರೆ, ಇವೇ ಸ್ಪ್ಲೈನುಗಳು. ಸ್ಲಿಪ್ ಯೋಕ್ ಎಂಬುದು ಒಂದು ದಪ್ಪ ಉಕ್ಕಿನ ಕೊಳವೆ. ಅದರ ಒಳಮೈಯಲ್ಲಿ ಈ ಹಲ್ಲುಗಳಿಗೆ ಹೊಂದುವ ಸಾಲುಗಳಿರುತ್ತವೆ, ಹೊರಮೈಯನ್ನು ಕನ್ನಡಿಯಂತೆ ನುಣುಪಾಗಿ ಉಜ್ಜಿರುತ್ತಾರೆ, ಹಿಂದಿನ ತುದಿಯಲ್ಲಿ ಕವಲಿನಂತೆ ಎರಡು ಕಿವಿಗಳಿರುತ್ತವೆ. ಮಡಿಸುವ ಛತ್ರಿಯ ಕೋಲಿನಲ್ಲಿ ಒಂದು ಕೊಳವೆ ಇನ್ನೊಂದರೊಳಗೆ ಸರಿಯುವ ಹಾಗೆಯೇ ಇದೂ ಸರಿಯುತ್ತದೆ, ಆದರೆ ಹಲ್ಲುಗಳು ಪರಸ್ಪರ ಕಚ್ಚಿಕೊಂಡಿರುವುದರಿಂದ ಒಂದನ್ನು ಬಿಟ್ಟು ಇನ್ನೊಂದು ತಿರುಗಲಾರದು. ಔಟ್‌ಪುಟ್ ಶಾಫ್ಟನ್ನು ಸುತ್ತುವರಿದಿರುವ ಗೇರ್‌ಬಾಕ್ಸಿನ ಬಾಲದಂಥ ಭಾಗವಾದ ಟೇಲ್ ಹೌಸಿಂಗಿನ ತುದಿಯಲ್ಲಿ ಒಂದು ಬುಷ್ (ಒಳಗೆ ತಿರುಗುವ ಭಾಗವನ್ನು ಆಧರಿಸುವ ಲೋಹದ ಬಳೆ), ಅದರ ಹೊರಗೆ ಒಂದು ಆಯಿಲ್ ಸೀಲ್ ಇರುತ್ತವೆ. ಯೋಕಿನ ನುಣುಪಾದ ಹೊರಮೈ ಇವೆರಡರ ಮೂಲಕ ಒಳಹೋಗುತ್ತದೆ. ಯೋಕ್ ಅಕ್ಕಪಕ್ಕಕ್ಕೆ ಓಲಾಡದಂತೆ ಬುಷ್ ಹಿಡಿಯುತ್ತದೆ, ಗೇರ್ ಆಯಿಲ್ ಹೊರಬರದಂತೆ ಸೀಲ್ ತಡೆಯುತ್ತದೆ.

ಕಳಚಿ ಬೀಳುವ ಅಪಾಯವಿಲ್ಲವೇ ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಶಾಫ್ಟಿನ ಇನ್ನೊಂದು ತುದಿಯಲ್ಲಿದೆ. ಹಿಂದಿನ ತುದಿಯನ್ನು ಡಿಫರೆನ್ಷಿಯಲ್ಲಿನ ಪಿನಿಯನ್ ಫ್ಲ್ಯಾಂಜಿಗೆ (ಬಲವನ್ನು ಒಳಗೆ ಪಡೆಯುವ ಸಣ್ಣ ಗೇರಾದ ಪಿನಿಯನ್ನಿನ ತುದಿಯಲ್ಲಿರುವ, ಬೋಲ್ಟ್ ಹಾಕುವ ಬಿಲ್ಲೆ) ನಾಲ್ಕು ಬೋಲ್ಟುಗಳಿಂದ ಬಿಗಿದಿರುವಷ್ಟು ಕಾಲ, ಆಕ್ಸಲ್ ಹಿಂದೆ ಸರಿದಷ್ಟು ಮಾತ್ರ ಯೋಕ್ ಹೊರಬರಲು ಸಾಧ್ಯ. ಆಕ್ಸಲನ್ನು ಸ್ಪ್ರಿಂಗುಗಳು ಹಿಡಿದಿರುತ್ತವೆ. ಸ್ಪ್ಲೈನುಗಳು ಪರಸ್ಪರ ಒಳಹೊಕ್ಕಿರುವ ಉದ್ದ ಈ ಚಲನೆಗಿಂತ ಬಹಳ ಹೆಚ್ಚು. ಇದರಿಂದ ಒಂದು ಎಚ್ಚರಿಕೆಯೂ ಹುಟ್ಟುತ್ತದೆ: ಹಿಂದಿನ ಬೋಲ್ಟುಗಳು ಸಡಿಲಗೊಂಡು ಬಿದ್ದರೆ ಮುಂದಿನ ತುದಿಯನ್ನು ಹಿಡಿಯುವವರು ಯಾರೂ ಇಲ್ಲ. ಆದ್ದರಿಂದ ಆ ನಾಲ್ಕು ಬೋಲ್ಟುಗಳನ್ನು ವಾಹನದ ಸರ್ವಿಸ್ ಪುಸ್ತಕದಲ್ಲಿ ಹೇಳಿದ ಬಿಗಿತಕ್ಕೆ ಟಾರ್ಕ್ ರೆಂಚಿನಿಂದಲೇ ಬಿಗಿಸಬೇಕು ಎಂದು ನಾನು ಒತ್ತಿ ಹೇಳುತ್ತೇನೆ. ವಾಹನದ ಎತ್ತರ ಬದಲಿಸಿದವರೂ ಹಳೆಯ ಶಾಫ್ಟಿಗೆ ಬದಲಾಗಿ ಬೇರೆ ಉದ್ದದ್ದನ್ನು ಹಾಕಿಸಿದವರೂ ಇನ್ನೊಂದು ವಿಷಯ ನೋಡಬೇಕು: ವಾಹನ ತನ್ನ ಚಕ್ರಗಳ ಮೇಲೆ ನಿಂತಿರುವಾಗ ಯೋಕನ್ನು ಪೂರ್ತಿ ಒಳತಳ್ಳಿದ ಜಾಗದಿಂದ ಸಾಮಾನ್ಯವಾಗಿ ಸುಮಾರು 20ರಿಂದ 25 ಮಿಲಿಮೀಟರ್ ಹಿಂದೆ ಇರಬೇಕು. ಆ ಜಾಗ ಇಲ್ಲದಿದ್ದರೆ ಆಕ್ಸಲ್ ಮೇಲೆ ಬಂದಾಗ ಯೋಕ್ ಗೇರ್‌ಬಾಕ್ಸಿನೊಳಗೆ ಗುದ್ದುತ್ತದೆ. ಜಾಗ ತೀರಾ ಹೆಚ್ಚಾದರೆ ಕಚ್ಚಿಕೊಂಡಿರುವ ಹಲ್ಲುಗಳ ಉದ್ದ ಕಡಿಮೆಯಾಗಿ, ಯೋಕ್ ಬುಷ್ ಮೇಲೆ ಸರಿಯಾಗಿ ಕೂರದೆ ಅಲುಗಾಡತೊಡಗುತ್ತದೆ.

ಉದ್ದದ ಸಮಸ್ಯೆಗೆ ಸ್ಲಿಪ್ ಯೋಕ್ ಪರಿಹಾರವಾದರೆ, ಓರೆಯ ಸಮಸ್ಯೆಗೆ ಯೂನಿವರ್ಸಲ್ ಜಾಯಿಂಟ್ ಪರಿಹಾರ. ಯೋಕಿನ ಎರಡು ಕಿವಿಗಳ ನಡುವೆ ಕೂಡಿಸುವ ಚಿಹ್ನೆಯ ಆಕಾರದ ಒಂದು ಉಕ್ಕಿನ ತುಂಡಿರುತ್ತದೆ. ವರ್ಕ್‌ಶಾಪುಗಳಲ್ಲಿ ಇದನ್ನು ಕ್ರಾಸ್ ಎನ್ನುತ್ತಾರೆ. ಅದರ ನಾಲ್ಕು ತುದಿಗಳಿಗೂ ಒಂದೊಂದು ಬಟ್ಟಲು, ಪ್ರತಿ ಬಟ್ಟಲಿನ ಒಳಗೆ ಸೂಜಿಗಳಷ್ಟು ಸಣ್ಣ ಉರುಳೆಗಳ ಸಾಲು. ಎದುರುಬದುರಿನ ಎರಡು ತುದಿಗಳು ಸ್ಲಿಪ್ ಯೋಕಿಗೆ, ಉಳಿದೆರಡು ಶಾಫ್ಟಿನ ಕೊಳವೆಗೆ ಬೆಸೆದ ಯೋಕಿಗೆ ಸೇರುತ್ತವೆ. 16ನೇ ಶತಮಾನದ ಇಟಲಿಯ ಕಾರ್ಡಾನೊ ಮತ್ತು 17ನೇ ಶತಮಾನದ ಇಂಗ್ಲೆಂಡಿನ ರಾಬರ್ಟ್ ಹುಕ್ ಇವರಿಬ್ಬರ ಹೆಸರುಗಳೂ ಇಂದಿಗೂ ಈ ಜಾಯಿಂಟಿಗೆ ಅಂಟಿಕೊಂಡಿವೆ.

ಈ ಜಾಯಿಂಟಿಗೆ ಒಂದು ಹುಟ್ಟುಗುಣವಿದೆ. ಶಾಫ್ಟ್ ಸಂಬಂಧಿ ದೂರುಗಳಲ್ಲಿ ಬಹುಪಾಲನ್ನು ಅರ್ಥಮಾಡಿಕೊಳ್ಳಲು ಅದು ಬೇಕಾಗುವುದರಿಂದ ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ. ಜಾಯಿಂಟ್ ಓರೆಯಾಗಿದ್ದಾಗ, ಒಳಬರುವ ವೇಗ ಒಂದೇ ಸಮನಾಗಿದ್ದರೂ ಹೊರಹೋಗುವ ವೇಗ ಒಂದೇ ಸಮನಾಗಿರುವುದಿಲ್ಲ. ಪ್ರತಿ ಸುತ್ತಿನಲ್ಲೂ ಅದು ಎರಡು ಸಲ ಹೆಚ್ಚಿ ಎರಡು ಸಲ ತಗ್ಗುತ್ತದೆ. ಗೇರ್‌ಬಾಕ್ಸ್ ನಿಮಿಷಕ್ಕೆ 2000 ಸುತ್ತು ತಿರುಗುತ್ತಿದೆ ಎಂದುಕೊಳ್ಳಿ. ಓರೆ 5 ಡಿಗ್ರಿಯಾದರೆ ಜಾಯಿಂಟಿನ ಆಚೆಯ ವೇಗ ಸುಮಾರು 1992 ಮತ್ತು 2008ರ ನಡುವೆ ಆಡುತ್ತದೆ. ಇದನ್ನು ಯಾರೂ ಗಮನಿಸುವುದಿಲ್ಲ. 10 ಡಿಗ್ರಿಯಾದರೆ ಸುಮಾರು 1970ರಿಂದ 2031, 20 ಡಿಗ್ರಿಯಾದರೆ ಸುಮಾರು 1879ರಿಂದ 2128. ಇಷ್ಟು ಏರಿಳಿತ ಸೆಕೆಂಡಿಗೆ 66ಕ್ಕೂ ಹೆಚ್ಚು ಬಾರಿ ನಡೆದರೆ ಇಡೀ ವಾಹನ ನಡುಗುತ್ತದೆ. ಓರೆ ಇಮ್ಮಡಿಯಾದರೆ ಏರಿಳಿತ ಸುಮಾರು ನಾಲ್ಕು ಪಟ್ಟಾಗುತ್ತದೆ ಎಂಬುದನ್ನೂ ಈ ಅಂಕಿಗಳಲ್ಲಿ ಕಾಣಬಹುದು.

ಹಾಗಿದ್ದರೂ ಇಂಥ ಜಾಯಿಂಟಿನಿಂದ ವಾಹನಗಳು ಸುಗಮವಾಗಿ ಓಡುತ್ತಿರುವುದಕ್ಕೆ ಕಾರಣ, ಶಾಫ್ಟಿನ ಹಿಂದಿನ ತುದಿಯಲ್ಲಿರುವ ಎರಡನೆಯ ಜಾಯಿಂಟ್. ಮೊದಲನೆಯದು ಉಂಟುಮಾಡಿದ ಏರಿಳಿತವನ್ನು ಎರಡನೆಯದು ತದ್ವಿರುದ್ಧ ಏರಿಳಿತದಿಂದ ಅಳಿಸಿಹಾಕುತ್ತದೆ. ನಡುವಿನ ಕೊಳವೆ ಮಾತ್ರ ಏರಿಳಿಯುತ್ತಾ ತಿರುಗುತ್ತದೆ, ಪಿನಿಯನ್ನಿಗೆ ತಲುಪುವ ವೇಗ ಮತ್ತೆ ಸಮನಾಗುತ್ತದೆ. ಇದಕ್ಕೆ ಎರಡು ಷರತ್ತುಗಳಿವೆ. ಎರಡೂ ಜಾಯಿಂಟುಗಳ ಓರೆ ಹೆಚ್ಚುಕಡಿಮೆ ಒಂದೇ ಇರಬೇಕು. ಕೊಳವೆಯ ಎರಡು ತುದಿಗಳ ಯೋಕುಗಳ ಕಿವಿಗಳು ಒಂದೇ ಸಾಲಿನಲ್ಲಿರಬೇಕು. ಗೇರ್‌ಬಾಕ್ಸಿನ ಹಿಂದಿನ ಮೌಂಟ್ ಕುಸಿದರೆ ಮೊದಲನೆಯ ಷರತ್ತು ಮುರಿಯುತ್ತದೆ, ಲೀಫ್ ಸ್ಪ್ರಿಂಗಿನ ಮೇಲೆ ಆಕ್ಸಲ್ ಓರೆಯಾಗಿ ಕೂತರೂ ಅದೇ ಆಗುತ್ತದೆ. ಶಾಫ್ಟ್, ಕ್ರಾಸ್ ಎಲ್ಲ ಹೊಸದು ಹಾಕಿದರೂ ನಡುಕ ಹೋಗಲಿಲ್ಲ ಎನ್ನುವ ವಾಹನಗಳಲ್ಲಿ ನಾನು ಮೊದಲು ನೋಡುವುದು ಆ ರಬ್ಬರ್ ಮೌಂಟನ್ನೇ.

ಎರಡನೆಯ ಷರತ್ತಿನ ವಿಷಯದಲ್ಲಿ ಒಂದು ಸೂಕ್ಷ್ಮ ವ್ಯತ್ಯಾಸವಿದೆ. ನಿಮ್ಮದರಂತೆ ಒಂದೇ ತುಂಡಿನ ಶಾಫ್ಟಾಗಿದ್ದು ಸ್ಲಿಪ್ ಯೋಕ್ ಗೇರ್‌ಬಾಕ್ಸಿನಲ್ಲಿದ್ದರೆ, ಕೊಳವೆಯ ಎರಡೂ ಯೋಕುಗಳನ್ನು ಕಾರ್ಖಾನೆಯಲ್ಲೇ ಸಾಲು ನೋಡಿ ಬೆಸೆದಿರುತ್ತಾರೆ. ಸ್ಲಿಪ್ ಯೋಕನ್ನು ಯಾವ ಹಲ್ಲಿಗೆ ಹೊಂದಿಸಿ ತೂರಿಸಿದರೂ ಆ ಸಾಲು ಕೆಡುವುದಿಲ್ಲ. ಆದರೆ ಸರಿಯುವ ಸ್ಪ್ಲೈನ್ ಶಾಫ್ಟಿನ ಮಧ್ಯದಲ್ಲೇ ಇದ್ದು ಶಾಫ್ಟ್ ಎರಡು ಭಾಗವಾಗಿ ಬಿಚ್ಚಿಕೊಳ್ಳುವಂತಿದ್ದರೆ, ಮತ್ತೆ ಸೇರಿಸುವಾಗ ಒಂದು ಹಲ್ಲು ತಪ್ಪಿದರೂ ಸಾಲು ಕೆಟ್ಟು ನಡುಕ ಶುರುವಾಗುತ್ತದೆ. ಇಂಥ ಶಾಫ್ಟುಗಳ ಮೇಲೆ ಎರಡು ಬಾಣದ ಗುರುತುಗಳನ್ನು ಕೊರೆದಿರುವುದುಂಟು. ಕಾಣದಿದ್ದರೆ ಬಿಚ್ಚುವ ಮೊದಲೇ ಬಣ್ಣದಿಂದ ಗುರುತು ಹಾಕಿಕೊಳ್ಳಿ.

ಸ್ಪ್ಲೈನನ್ನು ಮಧ್ಯದಲ್ಲಿಡುವ ಈ ವಿಧಾನ ಭಾರಿ ಲಾರಿಗಳಲ್ಲಿ ಸಾಮಾನ್ಯ. ಅಲ್ಲಿ ಗೇರ್‌ಬಾಕ್ಸಿನ ಔಟ್‌ಪುಟ್ ಶಾಫ್ಟಿನ ಮೇಲೆ ಒಂದು ದುಂಡು ಫ್ಲ್ಯಾಂಜನ್ನು ಸ್ಪ್ಲೈನಿನಲ್ಲಿ ಕೂರಿಸಿ, ದೊಡ್ಡ ನಟ್ಟಿನಿಂದ ಖಾಯಂ ಬಿಗಿದಿರುತ್ತಾರೆ. ಶಾಫ್ಟಿನ ಫ್ಲ್ಯಾಂಜನ್ನು ಅದಕ್ಕೆ ಮುಖಾಮುಖಿಯಾಗಿಟ್ಟು ಬೋಲ್ಟ್ ಹಾಕುತ್ತಾರೆ. ಶಾಫ್ಟನ್ನು ಇಳಿಸಿದರೂ ಗೇರ್‌ಬಾಕ್ಸಿನ ಸೀಲ್ ಹಾಗೆಯೇ ಮುಚ್ಚಿಕೊಂಡಿರುತ್ತದೆ ಎಂಬುದು ಇದರ ದೊಡ್ಡ ಅನುಕೂಲ. ಮಧ್ಯದ ಸ್ಪ್ಲೈನಿಗೆ ಗೇರ್ ಆಯಿಲ್ ತಲುಪದ ಕಾರಣ ಅದಕ್ಕೆ ಗ್ರೀಸ್ ತುಂಬುವ ಸಣ್ಣ ಬಾಯಿಯಾದ ಗ್ರೀಸ್ ನಿಪ್ಪಲ್ ಇರುತ್ತದೆ, ಅದನ್ನು ಮರೆತರೆ ಸ್ಪ್ಲೈನ್ ಒಣಗಿ ಹಿಡಿದುಕೊಳ್ಳುತ್ತದೆ. ಉದ್ದನೆಯ ವಾಹನಗಳಲ್ಲಿ ಶಾಫ್ಟನ್ನು ಎರಡು ಅಥವಾ ಮೂರು ತುಂಡು ಮಾಡಿ, ನಡುವೆ ಚಾಸಿಗೆ ತೂಗುಹಾಕಿದ ಸೆಂಟರ್ ಬೇರಿಂಗಿನಿಂದ ಆಧರಿಸುತ್ತಾರೆ; ಉದ್ದವಾದ ಒಂದೇ ಕೊಳವೆ ಹೆಚ್ಚಿನ ವೇಗದಲ್ಲಿ ನಡುವೆ ಬಿಲ್ಲಿನಂತೆ ಬಾಗಿ ಹೊಡೆದುಕೊಳ್ಳುತ್ತದೆ. ಕೆಲವು ಕಾರುಗಳಲ್ಲಿ ಗೇರ್‌ಬಾಕ್ಸಿನ ಫ್ಲ್ಯಾಂಜಿಗೂ ಶಾಫ್ಟಿಗೂ ನಡುವೆ ಕ್ರಾಸ್ ಬದಲು ದಪ್ಪ ರಬ್ಬರಿನ ಬಿಲ್ಲೆಯಿರುತ್ತದೆ. ಅದರ ಬೋಲ್ಟುಗಳು ಒಂದು ಬಿಟ್ಟು ಒಂದರಂತೆ ಫ್ಲ್ಯಾಂಜಿಗೂ ಶಾಫ್ಟಿಗೂ ಹೋಗುತ್ತವೆ. ಬೋಲ್ಟ್ ರಂಧ್ರಗಳ ಸುತ್ತ ರಬ್ಬರ್ ಬಿರುಕು ಬಿಟ್ಟಿದ್ದರೆ ಅದನ್ನು ಬದಲಿಸಲೇಬೇಕು. ನಾಲ್ಕು ಚಕ್ರ ಚಾಲನೆಯ ವಾಹನಗಳಲ್ಲಿ ಶಾಫ್ಟುಗಳು ಗೇರ್‌ಬಾಕ್ಸಿನ ಹಿಂದಿರುವ ಟ್ರಾನ್ಸ್‌ಫರ್ ಕೇಸಿನಿಂದ (ಬಲವನ್ನು ಮುಂದಿನ, ಹಿಂದಿನ ಆಕ್ಸಲುಗಳಿಗೆ ಹಂಚುವ ಪೆಟ್ಟಿಗೆ) ಹೊರಡುತ್ತವೆ, ಜೋಡಣೆಯ ತತ್ವ ಇದೇ.

ಇನ್ನು ನಿಮ್ಮ ತಮ್ಮನ ಕಾರು. ಅದು ಮುಂದಿನ ಚಕ್ರಗಳಿಗೆ ಚಾಲನೆಯಿರುವ ಕಾರಾಗಿರುವುದು ಬಹುತೇಕ ಖಚಿತ. ಅದರಲ್ಲಿ ಡಿಫರೆನ್ಷಿಯಲ್ ಗೇರ್‌ಬಾಕ್ಸಿನ ಕವಚದೊಳಗೇ ಕೂತಿರುತ್ತದೆ, ಅಲ್ಲಿಂದ ಎಡಕ್ಕೂ ಬಲಕ್ಕೂ ಒಂದೊಂದು ಗಿಡ್ಡ ಶಾಫ್ಟ್ ನೇರ ಚಕ್ರಗಳಿಗೆ ಹೋಗುತ್ತದೆ. ಪ್ರತಿ ಶಾಫ್ಟಿನ ಒಳತುದಿಯ ಸ್ಪ್ಲೈನ್ ಆಯಿಲ್ ಸೀಲಿನ ಮೂಲಕ ಒಳಹೋಗಿ ಡಿಫರೆನ್ಷಿಯಲ್ಲಿನ ಪಕ್ಕದ ಗೇರಿನೊಳಗೆ ಕೂರುತ್ತದೆ. ಇಲ್ಲಿ ಆ ತುದಿ ಸರಿಯುವಂತಿಲ್ಲ. ಸ್ಪ್ಲೈನಿನ ತುದಿಯ ತೋಡಿನಲ್ಲಿ ಸರ್ಕ್ಲಿಪ್ ಎಂಬ ಸಣ್ಣ ತಂತಿಯ ಉಂಗುರವಿದ್ದು, ಶಾಫ್ಟನ್ನು ಒತ್ತಿ ಕೂರಿಸಿದಾಗ ಅದು ‘ಕ್ಲಿಕ್’ ಎಂದು ತೆರೆದುಕೊಂಡು ಒಳಗಿನಿಂದ ಹಿಡಿಯುತ್ತದೆ. ಕೆಲವು ಕಾರುಗಳಲ್ಲಿ ಸರ್ಕ್ಲಿಪ್ ಬದಲು ಬೋಲ್ಟ್ ಹಾಕುವ ಫ್ಲ್ಯಾಂಜ್ ಇರುತ್ತದೆ. ಉದ್ದದ ಬದಲಾವಣೆಯನ್ನು ಒಳಗಡೆಯ ಜಾಯಿಂಟ್ ನೋಡಿಕೊಳ್ಳುತ್ತದೆ: ಮೂರು ಕಾಲುಗಳ ಮೇಲೆ ಮೂರು ಉರುಳೆಗಳಿರುವ ಟ್ರೈಪಾಡ್ ತನ್ನ ಬಟ್ಟಲಿನ ಮೂರು ಹಳ್ಳಗಳಲ್ಲಿ ಒಳಹೊರಗೆ ಸರಿಯುತ್ತದೆ. ಸ್ಟೀರಿಂಗ್ ತಿರುಗಿಸಿದಾಗ ಬರುವ ಹೆಚ್ಚಿನ ಓರೆಯನ್ನು ಹೊರಗಡೆಯ ಜಾಯಿಂಟ್ ಹೊರುತ್ತದೆ. ಆಲ್ಫ್ರೆಡ್ ಜೆಪ್ಪಾ 1920ರ ದಶಕದಲ್ಲಿ ರೂಪಿಸಿದ, ಗುಂಡುಗಳನ್ನು ಬಳಸುವ ಈ ಜಾಯಿಂಟಿನಲ್ಲಿ ಎಷ್ಟು ಓರೆಯಾದರೂ ವೇಗದ ಏರಿಳಿತವೇ ಇರುವುದಿಲ್ಲ. ಇಂಥ ಶಾಫ್ಟನ್ನು ಗೇರ್‌ಬಾಕ್ಸಿನಿಂದ ಬಿಡಿಸುವಾಗ ಶಾಫ್ಟಿನ ನಡುಭಾಗವನ್ನು ಹಿಡಿದು ಎಳೆಯಬಾರದು. ಹಾಗೆ ಎಳೆದರೆ ಟ್ರೈಪಾಡ್ ತನ್ನ ಬಟ್ಟಲಿನಿಂದ ಕಳಚಿಕೊಳ್ಳುತ್ತದೆ, ಸರ್ಕ್ಲಿಪ್ ಮಾತ್ರ ಬಿಡುವುದಿಲ್ಲ. ಜಾಯಿಂಟಿನ ಬಟ್ಟಲಿಗೂ ಗೇರ್‌ಬಾಕ್ಸಿನ ಕವಚಕ್ಕೂ ನಡುವೆ ಪ್ರೈ ಬಾರ್ ಇಟ್ಟು, ಸೀಲಿಗೆ ತಾಗದಂತೆ ಮೀಟಬೇಕು.

ಎರಡೂ ಬಗೆಯ ಶಾಫ್ಟುಗಳು ಹೊರುವ ಬಲ ಬೇರೆ ಬೇರೆ. ಎಂಜಿನ್ 150 ನ್ಯೂಟನ್ ಮೀಟರ್ ತಿರುಚುವ ಬಲ ಕೊಡುತ್ತಿದ್ದು, ಮೊದಲ ಗೇರಿನ ಅನುಪಾತ 3.5, ಕೊನೆಯ ಗೇರ್ ಜೋಡಿಯ ಅನುಪಾತ 4 ಎಂದುಕೊಳ್ಳೋಣ. ಘರ್ಷಣೆಯ ನಷ್ಟವನ್ನು ಬದಿಗಿಟ್ಟರೆ ನಿಮ್ಮ ಉದ್ದನೆಯ ಶಾಫ್ಟಿಗೆ ಬರುವುದು 525 ನ್ಯೂಟನ್ ಮೀಟರ್; ಆ 4 ಪಟ್ಟು ಹೆಚ್ಚಳ ಅದರಾಚೆ, ಡಿಫರೆನ್ಷಿಯಲ್ಲಿನಲ್ಲಿ ಆಗುತ್ತದೆ. ತಮ್ಮನ ಕಾರಿನಲ್ಲಿ ಆ ಹೆಚ್ಚಳ ಶಾಫ್ಟಿಗಿಂತ ಮೊದಲೇ ಆಗಿರುವುದರಿಂದ ಒಟ್ಟು 2100, ಅಂದರೆ ಪ್ರತಿ ಶಾಫ್ಟಿಗೆ 1050 ಬರುತ್ತದೆ. ಅವು ಹೆಚ್ಚು ಬಲ ಹೊತ್ತು ನಿಧಾನ ತಿರುಗುತ್ತವೆ; ನಿಮ್ಮದು ಕಡಿಮೆ ಬಲ ಹೊತ್ತು ವೇಗವಾಗಿ ತಿರುಗುತ್ತದೆ, ನೇರ ಗೇರಿನಲ್ಲಿ ಎಂಜಿನ್ನಿನ ವೇಗದಲ್ಲೇ. ಆದ್ದರಿಂದಲೇ ಉದ್ದನೆಯ ಶಾಫ್ಟಿನ ಸಮತೂಕ ಅಷ್ಟು ಮುಖ್ಯ. ಕೊಳವೆಯ ಮೇಲೆ ಬೆಸೆದಿರುವ ಸಣ್ಣ ಲೋಹದ ತುಣುಕು ಸಮತೂಕಕ್ಕಾಗಿ ಇಟ್ಟದ್ದು, ತುಕ್ಕು ಕೆರೆಯುವಾಗ ಅದನ್ನು ಕಿತ್ತುಹಾಕಬೇಡಿ.

ಈಗ ನಿಮ್ಮ ‘ಟಕ್’ ಸದ್ದಿಗೆ ಬರೋಣ. ರಿವರ್ಸ್ ಹಾಕಿದಾಗ ತಿರುಗುವ ದಿಕ್ಕು ಬದಲಾಗುತ್ತದೆ, ದಾರಿಯಲ್ಲಿ ಎಲ್ಲೆಲ್ಲಿ ಸಡಿಲವಿದೆಯೋ ಅದೆಲ್ಲ ಒಮ್ಮೆಗೇ ಆ ಕಡೆಯಿಂದ ಈ ಕಡೆಗೆ ಬೀಳುತ್ತದೆ. ಗೇರ್‌ಬಾಕ್ಸಿನ ಹಲ್ಲುಗಳಲ್ಲೂ ಡಿಫರೆನ್ಷಿಯಲ್ಲಿನ ಕ್ರೌನ್ (ಪಿನಿಯನ್ ತಿರುಗಿಸುವ ದೊಡ್ಡ ಗೇರ್) ಮತ್ತು ಪಿನಿಯನ್ ನಡುವೆಯೂ ಒಂದಷ್ಟು ಸಡಿಲ ಇರಲೇಬೇಕು, ಹಾಗಾಗಿ ಸ್ವಲ್ಪ ಆಟ ಕಂಡ ಮಾತ್ರಕ್ಕೆ ದೋಷವೆಂದು ತೀರ್ಮಾನಿಸಬಾರದು. ವಾಹನವನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಎರಡೂ ಕಡೆಯಿಂದ ಗಟ್ಟಿಯಾದ ಅಡ್ಡಗಟ್ಟೆ ಕೊಟ್ಟು, ಎಂಜಿನ್ ಆರಿಸಿ ಗೇರಿನಲ್ಲಿಡಿ. ಒಂದು ಕೈಯಲ್ಲಿ ಸ್ಲಿಪ್ ಯೋಕನ್ನು, ಇನ್ನೊಂದರಲ್ಲಿ ಕೊಳವೆಯನ್ನು ಹಿಡಿದು ವಿರುದ್ಧ ದಿಕ್ಕುಗಳಿಗೆ ತಿರುಚಿ. ಅವೆರಡರ ನಡುವೆ ಕಣ್ಣಿಗೆ ಕಾಣುವಷ್ಟು ಚಲನೆಯಿದ್ದರೆ ಕ್ರಾಸ್ ಸವೆದಿದೆ. ಒಳ್ಳೆಯ ಕ್ರಾಸಿನಲ್ಲಿ ಆ ಚಲನೆ ಇರುವುದೇ ಇಲ್ಲ. ಬಟ್ಟಲುಗಳ ಸುತ್ತ ಕೆಂಪು ಪುಡಿಯಂಥ ತುಕ್ಕು ಕಂಡರೆ ಒಳಗಿನ ಸೂಜಿ ಉರುಳೆಗಳಿಗೆ ಗ್ರೀಸ್ ಇಲ್ಲವೆಂದು ತಿಳಿಯಿರಿ. ಹಿಂದಿನ ಕ್ರಾಸನ್ನೂ ಹೀಗೆಯೇ ನೋಡಿ, ನಾಲ್ಕು ಬೋಲ್ಟುಗಳ ಬಿಗಿತವನ್ನೂ ನೋಡಿ. ಅನಂತರ ಸ್ಲಿಪ್ ಯೋಕನ್ನು ಮೇಲೆ ಕೆಳಗೆ ಎತ್ತಿ ನೋಡಿ; ಅದು ಟೇಲ್ ಹೌಸಿಂಗಿನಲ್ಲಿ ಓಲಾಡಿದರೆ ಬುಷ್ ಸವೆದಿದೆ, ಹೊಸ ಸೀಲ್ ಹಾಕಿದರೂ ಹೆಚ್ಚು ದಿನ ಬಾಳುವುದಿಲ್ಲ. ಸದ್ದು ಕ್ಲಚ್ ಬಿಟ್ಟ ಕೂಡಲೇ ಬರದೆ, ವಾಹನ ಹೊರಟ ಅಥವಾ ನಿಂತ ಒಂದು ಕ್ಷಣದ ನಂತರ ಬರುತ್ತಿದ್ದರೆ ಅನುಮಾನ ಸ್ಪ್ಲೈನಿನ ಮೇಲೆ ಹೋಗಬೇಕು: ಸ್ಪ್ರಿಂಗ್ ತಿರುಚಿಕೊಂಡಾಗ ಸರಿಯಬೇಕಾದ ಯೋಕ್ ಒಣಗಿ ಅಂಟಿಕೊಂಡು, ಆಮೇಲೆ ತಟ್ಟನೆ ಬಿಟ್ಟಾಗ ಈ ಸದ್ದು ಹುಟ್ಟುತ್ತದೆ. ವೇಗದೊಂದಿಗೆ ಏರುವ ನಡುಕ ಬೇರೆಯದೇ ಲಕ್ಷಣ, ಅದು ಹೆಚ್ಚಾಗಿ ಸಮತೂಕದ ಅಥವಾ ಓರೆಯ ದೋಷ.

ಶಾಫ್ಟನ್ನು ಇಳಿಸಿ ನೋಡುವ ಹಂತ ಬಂದರೆ ಒಂದು ವಿಷಯವನ್ನು ಜೀವಕ್ಕೆ ಸಂಬಂಧಿಸಿದ್ದೆಂದೇ ತಿಳಿಯಿರಿ. ವಾಹನವನ್ನು ಗೇರಿನಲ್ಲಿಟ್ಟಾಗ ಚಕ್ರಗಳನ್ನು ಹಿಡಿದಿರುವುದು ಈ ಶಾಫ್ಟಿನ ಮೂಲಕವೇ. ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಪಾರ್ಕ್ ಸ್ಥಾನವೂ ಔಟ್‌ಪುಟ್ ಶಾಫ್ಟನ್ನಷ್ಟೇ ಕಟ್ಟಿಹಾಕುತ್ತದೆ. ಹಿಂದಿನ ಬೋಲ್ಟುಗಳು ಬಿಚ್ಚಿದ ಕ್ಷಣದಿಂದ ಆ ಹಿಡಿತ ಇಲ್ಲ, ಇಳಿಜಾರಿದ್ದರೆ ವಾಹನ ನಿಮ್ಮ ಮೇಲೆಯೇ ಉರುಳುತ್ತದೆ. ಅಡ್ಡಗಟ್ಟೆ ಇಲ್ಲದೆ ಬೋಲ್ಟಿಗೆ ಕೈ ಹಾಕಬೇಡಿ, ಜ್ಯಾಕನ್ನು ಮಾತ್ರ ನಂಬಿ ಕೆಳಗೆ ಹೋಗಲೂ ಬೇಡಿ. ಫ್ಲ್ಯಾಂಜ್ ಮತ್ತು ಶಾಫ್ಟಿನ ಮೇಲೆ ಒಂದೇ ಗೆರೆಯಲ್ಲಿ ಗುರುತು ಹಾಕಿಕೊಂಡರೆ ಸಮತೂಕ ಮೊದಲಿನಂತೆ ಉಳಿಯುತ್ತದೆ. ಕ್ರಾಸಿನ ಬಟ್ಟಲುಗಳು ತೆರೆದುಕೊಳ್ಳುವ ಬಗೆಯದಾದರೆ ಅವನ್ನು ಟೇಪಿನಿಂದ ಸುತ್ತಿಡಿ, ಏಕೆಂದರೆ ಒಂದು ಬಟ್ಟಲು ಬಿದ್ದರೂ ಸೂಜಿ ಉರುಳೆಗಳು ಚೆಲ್ಲಿಹೋಗುತ್ತವೆ. ಯೋಕನ್ನು ಹೊರಗೆಳೆದ ಕೂಡಲೇ ಟೇಲ್ ಹೌಸಿಂಗಿನಿಂದ ಗೇರ್ ಆಯಿಲ್ ಸುರಿಯುತ್ತದೆ, ಏಕೆಂದರೆ ಸೀಲಿನ ಬಾಯಿಯನ್ನು ಮುಚ್ಚಿದ್ದು ಆ ಯೋಕೇ. ಕೆಳಗೆ ತಟ್ಟೆ ಇಟ್ಟುಕೊಂಡೇ ಎಳೆಯಿರಿ. ಮರಳಿ ಹಾಕುವ ಮೊದಲು ಯೋಕಿನ ಹೊರಮೈಯನ್ನು ಬೆರಳಿನಿಂದ ಸವರಿ ನೋಡಿ. ಉಗುರು ಸಿಕ್ಕುವಂಥ ಗೀರು ಅಥವಾ ಸೀಲ್ ಕೂರುವ ಜಾಗದಲ್ಲಿ ತೋಡು ಇದ್ದರೆ ಆ ಯೋಕಿನೊಂದಿಗೆ ಯಾವ ಸೀಲೂ ಎಣ್ಣೆ ನಿಲ್ಲಿಸಲಾರದು. ಹಾಕಿದ ಮೇಲೆ ಗೇರ್ ಆಯಿಲ್ ಮಟ್ಟ ನೋಡಿ ತುಂಬಿಸಿ.

ಯೋಕಿನ ಸ್ಪ್ಲೈನ್ ಸವೆದಿದೆ ಎಂದು ಗೊತ್ತಾದರೆ ಹೊಸ ಯೋಕಿಗೆ ಹಣ ಕೊಡುವ ಮೊದಲು ಅದನ್ನು ಗೇರ್‌ಬಾಕ್ಸಿನ ಔಟ್‌ಪುಟ್ ಶಾಫ್ಟಿನ ಮೇಲೆ ಬರಿಗೈಯಲ್ಲಿ ತೂರಿಸಿ, ಗೇರಿನಲ್ಲಿಟ್ಟು ತಿರುಚಿ ನೋಡಲು ಕೇಳಿ. ಹೊಸ ಯೋಕು ಗಟ್ಟಿಯಾಗಿ ಕೂತು, ಗೇರ್‌ಬಾಕ್ಸಿನ ಒಳಗಿನ ಸಹಜ ಸಡಿಲವಷ್ಟೇ ಕೈಗೆ ಸಿಕ್ಕರೆ ಯೋಕ್, ಬುಷ್, ಸೀಲ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ಸಾಕು. ಹೊಸ ಯೋಕೂ ಹಲ್ಲುಗಳ ಮೇಲೆ ಹೊರಳಾಡಿದರೆ ಸವೆದಿರುವುದು ಔಟ್‌ಪುಟ್ ಶಾಫ್ಟಿನ ಹಲ್ಲುಗಳು. ಆಗ ಗೇರ್‌ಬಾಕ್ಸನ್ನು ಇಳಿಸಿ ಬಿಚ್ಚಿ ಆ ಶಾಫ್ಟನ್ನೇ ಬದಲಿಸಬೇಕಾಗುತ್ತದೆ.